ಕಡಲಿಗೆ ಚೆಲ್ಲಿದ ತೈಲ ಮತ್ತು ನಮ್ಮ ಅಮಾನತ್ತು

(ಹರಪನಹಳ್ಳಿಯ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಡಲು ಕಾಣದ ಈ ಬಯಲುಸೀಮೆಯಲ್ಲಿ ನಾವು ಕಡಲಿನ ಮಾತೆತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನಮ್ಮ ತಾಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯು ಕೃಷ್ಣೆಯನ್ನು ಕೂಡಿ ಕಡಲನ್ನೇ ಸೇರುತ್ತದೆ. ಅಲ್ಲಾಹನು ಮನುಷ್ಯನಿಗೆ ಒಪ್ಪಿಸಿದ ಅಮಾನತ್ತಿಗೆ ತಾಲೂಕಿನ ಗಡಿಯಿಲ್ಲ.

2006ರ ಮೇ 30ರಂದು 'ಓಷನ್ ಸೆರಾಯಾ' ಎಂಬ ಹಡಗು ಕಾರವಾರದ ಸಮೀಪದ ಬಂಡೆಗಳಿಗೆ ಸಿಲುಕಿ, ಅದರ ಇಂಧನ ತೈಲವು ಸಮುದ್ರಕ್ಕೆ ಸೋರಿತು. ಅದು ಮುಂಗಾರಿನ ಹೊಸ್ತಿಲು. ಸೋರಿದ ತೈಲವನ್ನು ತೇಲುವ ತಡೆಗಳಿಂದ ಸುತ್ತುವರಿದು ಯಂತ್ರಗಳಿಂದ ಎತ್ತಬೇಕು; ಅಲೆಗಳೆದ್ದರೆ ಆ ತಡೆಗಳು ನಿಲ್ಲವು. ರಾಸಾಯನಿಕ ಸಿಂಪಡಿಸಿದರೆ ತೈಲವು ಒಡೆದು ನೀರಿನಲ್ಲಿ ಬೆರೆಯುತ್ತದೆಯೇ ಹೊರತು ಮಾಯವಾಗುವುದಿಲ್ಲ. ಆದ್ದರಿಂದ ಮೊದಲ ಗಂಟೆಗಳೇ ನಿರ್ಣಾಯಕ.

ಇದಕ್ಕೆಂದೇ ನಮ್ಮ ದೇಶದಲ್ಲಿ 1996ರಿಂದ ರಾಷ್ಟ್ರೀಯ ಯೋಜನೆಯೊಂದಿದೆ. ಕಡಲಿನಲ್ಲಿ ಕರಾವಳಿ ರಕ್ಷಣಾ ಪಡೆ, ಬಂದರಿನೊಳಗೆ ಬಂದರು ಆಡಳಿತ, ದಡದಲ್ಲಿ ರಾಜ್ಯ ಸರಕಾರ ಎಂದು ಹೊಣೆ ಹಂಚಲಾಗಿದೆ. ಆದರೆ 2017ರ ಜನವರಿ 28ರಂದು ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿಯಾದಾಗ ನಾವು ಕಂಡದ್ದೇನು? ಮೊದಲು ಪರಿಸರಕ್ಕೆ ಹಾನಿಯಾಗಿಲ್ಲವೆಂಬ ಹೇಳಿಕೆ ಬಂತು. ಬಳಿಕ ದಡಕ್ಕೆ ಬಂದ ಕಪ್ಪು ಕೆಸರನ್ನು ಸ್ವಯಂಸೇವಕರು ಬಕೆಟ್ಟುಗಳಲ್ಲಿ ಮೊಗೆದರು. ಯೋಜನೆಯು ಕಾಗದದಲ್ಲಿತ್ತು, ಸತ್ಯವು ತಡವಾಗಿ ಬಂತು. ಅಪಘಾತವನ್ನು ವಿಧಿಯೆನ್ನಬಹುದು, ಅದನ್ನು ಮರೆಮಾಚುವುದು ವಿಧಿಯಲ್ಲ, ಅಪರಾಧ.

2025ರ ಮೇ 25ರಂದು ಕೊಚ್ಚಿಯಾಚೆ 'ಎಂಎಸ್‌ಸಿ ಎಲ್ಸಾ 3' ಎಂಬ ಹಡಗು 640 ಕಂಟೈನರುಗಳೊಂದಿಗೆ ಮುಳುಗಿತು. ನಾವಿಕರೆಲ್ಲರನ್ನೂ ರಕ್ಷಿಸಲಾಯಿತು, ಅದಕ್ಕಾಗಿ ಅಲ್ಲಾಹನಿಗೆ ಸ್ತುತಿ. ಪರಿಹಾರಕ್ಕಾಗಿ ಕೇರಳ ಸರಕಾರವು 9,531 ಕೋಟಿ ರೂಪಾಯಿಗಳ ದಾವೆ ಹೂಡಿತು. ಹಾನಿ ಮಾಡಿದವನೇ ಅದನ್ನು ತುಂಬಿಕೊಡಬೇಕೆಂಬುದು ಇಸ್ಲಾಮೀ ನ್ಯಾಯಶಾಸ್ತ್ರದ ಮೂಲ ತತ್ವಗಳಲ್ಲೊಂದು. ಆದರೆ ದಾವೆಗೆ ವರ್ಷಗಳು ಹಿಡಿಯುತ್ತವೆ, ಮೀನುಗಾರನ ಮನೆಯ ಹಸಿವಿಗೆ ವಾಯಿದೆಯಿಲ್ಲ. ಪರಿಹಾರವು ಮೊದಲು ಆ ಮನೆಗೆ ತಲುಪಬೇಕೆಂದು ನಾವು ಸರಕಾರಗಳನ್ನು ಒತ್ತಾಯಿಸಬೇಕು.

ಹೀಗೆ ಬೇರೆಯವರನ್ನು ಪ್ರಶ್ನಿಸುವ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳೋಣ. ಗ್ಯಾರೇಜು ನಡೆಸುವ, ಲಾರಿ ಓಡಿಸುವ ಸಹೋದರರು ನಮ್ಮಲ್ಲಿ ಅನೇಕರಿದ್ದಾರೆ. ಬದಲಾಯಿಸಿದ ಇಂಜಿನ್ ಆಯಿಲ್ ಎಲ್ಲಿಗೆ ಹೋಗುತ್ತದೆ? ಚರಂಡಿಗೆ ಸುರಿದದ್ದು ಹಳ್ಳಕ್ಕೆ, ಕೆರೆಗೆ, ಹೊಳೆಗೆ ಇಳಿಯುತ್ತದೆ. ವುಝೂವಿನ ನೀರು ಶುದ್ಧವಾಗಿರಬೇಕೆಂದು ಕಾಳಜಿ ವಹಿಸುವ ನಾವು, ಇತರರ ನೀರನ್ನು ಕೆಡಿಸುವಾಗ ಅಳುಕದಿರುವುದು ಎಂಥ ಧರ್ಮನಿಷ್ಠೆ? ಆ ಆಯಿಲನ್ನು ಡಬ್ಬದಲ್ಲಿ ಕೂಡಿಟ್ಟು, ಸಂಸ್ಕರಿಸುವ ಪರವಾನಗಿಯುಳ್ಳವರಿಗೆ ಒಪ್ಪಿಸೋಣ. ಆಗ ಹಡಗಿನ ಮಾಲಕರನ್ನು ಪ್ರಶ್ನಿಸುವ ನಮ್ಮ ಮಾತಿಗೆ ತೂಕ ಬಂದೀತು.

ಅಮಾನತ್ತನ್ನು ಕಾಪಾಡುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.