ಮೋಟಾರಿನ ಚುಕ್ಕಾಣಿಯನ್ನು ಚುರುಕು ಮಾಡುವ ಕೆಲಸ

(ಸಂಘದ ಆದಿತ್ಯವಾರದ ಕೂಟದಲ್ಲಿ ಗ್ಯಾರೇಜು ಕೆಲಸಗಾರರ ಪರವಾಗಿ ಮಾಡಿದ ಭಾಷಣ)



ಹೋಟೇಲಿನವರೂ ಗಿರಣಿಯವರೂ ತುಂಬಿರುವ ಈ ಸಭೆಯಲ್ಲಿ ಮೋಟಾರಿನ ಮಾತೇಕೆ ಎಂದು ಕೆಲವರಿಗಾದರೂ ತೋರಬಹುದು. ಆದರೆ 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಮಗ್ಗದ ಖಾತೆಯನ್ನು ಬಿಟ್ಟು ಟ್ಯಾಕ್ಸಿಯ ಚಕ್ರ ಹಿಡಿದವರು ನಮ್ಮಲ್ಲಿದ್ದಾರೆ. ಹೋಟೇಲಿನಲ್ಲಿ ಮೇಜು ಒರೆಸುತ್ತಿದ್ದ ಹುಡುಗರು ಇಂದು ಗ್ಯಾರೇಜಿನಲ್ಲಿ ಪಾನಾ ಹಿಡಿಯುತ್ತಿದ್ದಾರೆ. ಅಂಥ ಒಬ್ಬ ಹುಡುಗನಿಗೆ ಆದ ಒಂದು ಸಂಗತಿಯಿಂದಲೇ ಈ ಭಾಷಣ ಹುಟ್ಟಿದೆ. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಯಂತ್ರದ ಮಾತು.

ಈ ಮೇಜಿನ ಮೇಲೆ ಇಟ್ಟಿರುವ ಕಬ್ಬಿಣದ ಕೊಳವೆಯನ್ನು ನೋಡಿರಿ. ಇದೇ ಸ್ಟಿಯರಿಂಗ್ ರ‍್ಯಾಕು. ಉದ್ದಕ್ಕೆ ಹಲ್ಲು ಕೊರೆದ ಒಂದು ಸರಳು, ಅದರ ಮೇಲೆ ಕೂತ ಒಂದು ಚಿಕ್ಕ ಹಲ್ಲಿನ ಗಾಲಿ. ಗಾಲಿಗೆ ಪಿನಿಯನ್ ಎಂದು ಹೆಸರು. ಚಾಲಕನು ಚಕ್ರ ತಿರುಗಿಸಿದರೆ ಪಿನಿಯನ್ ತಿರುಗುತ್ತದೆ, ಸರಳು ಎಡಕ್ಕೋ ಬಲಕ್ಕೋ ಸರಿಯುತ್ತದೆ, ಅದರ ತುದಿಗಳಿಗೆ ಕಟ್ಟಿದ ಟೈರಾಡುಗಳು ಮುಂದಿನ ಗಾಲಿಗಳನ್ನು ಹೊರಳಿಸುತ್ತವೆ. ಇಷ್ಟೇ. 2014ರ ತನಕ ತಯಾರಾದ ಅಂಬಾಸಿಡರಿನಲ್ಲಿಯೂ ಈ ರ‍್ಯಾಕೇ ಇತ್ತು. 2023ರ ಅಕ್ಟೋಬರದಲ್ಲಿ ಮುಂಬಯಿಯ ಬೀದಿಯಿಂದ ಟ್ಯಾಕ್ಸಿಯಾಗಿ ಮರೆಯಾದ ಪದ್ಮಿನಿಯಲ್ಲಿ ಇದ್ದದ್ದು ಬೇರೆ ಜಾತಿ, ತಿರುಪಿನಂಥ ವರ್ಮ್ ಗಿಯರು. ಪದ್ಮಿನಿ ಓಡಿಸಿದವರ ಹೆಗಲನ್ನು ಕೇಳಿದರೆ ಹೆಚ್ಚಿನ ವಿವರಣೆ ಬೇಡ.

ಗಿರಣಿಯ ಅಣ್ಣಂದಿರಿಗೆ ಮುಂದಿನ ಮಾತು ಸುಲಭ. ಮಗ್ಗದಲ್ಲಿ ಚೇಂಜ್ ವ್ಹೀಲ್ ಎಂಬ ಗಾಲಿ ಉಂಟಷ್ಟೆ? ಜಾಬರನು ಒಂದನ್ನು ತೆಗೆದು ಹಲ್ಲಿನ ಎಣಿಕೆ ಬೇರೆಯಿರುವ ಇನ್ನೊಂದನ್ನು ಹಾಕಿದರೆ ಅಂಗುಲಕ್ಕೆ ಬೀಳುವ ಪಿಕ್ಕಿನ ಎಣಿಕೆ ಬದಲಾಗುತ್ತದೆ. ರ‍್ಯಾಕಿನ ಗುಟ್ಟೂ ಅದೇ. ಲೆಕ್ಕ ಸುಲಭವಾಗಲೆಂದು ಸರಳಿನ ಹಲ್ಲುಗಳ ನಡುವೆ 6 ಮಿಲಿಮೀಟರು ಎಂದಿಟ್ಟುಕೊಳ್ಳಿ. ಪಿನಿಯನಿಗೆ 6 ಹಲ್ಲಿದ್ದರೆ ಒಂದು ಸುತ್ತಿಗೆ ಸರಳು 36 ಮಿಲಿಮೀಟರು ಸರಿಯುತ್ತದೆ. 8 ಹಲ್ಲಿದ್ದರೆ 48. ಸರಳಿನ ಒಟ್ಟು ಓಟ 144 ಮಿಲಿಮೀಟರು ಆದರೆ, ಈ ಕೊನೆಯಿಂದ ಆ ಕೊನೆಗೆ ಮೊದಲನೆಯದು 4 ಸುತ್ತು, ಎರಡನೆಯದು 3 ಸುತ್ತು. ಸುತ್ತು ಕಡಿಮೆಯಾದಷ್ಟೂ ಕಾರು ಕೈಗೆ ಬೇಗ ಉತ್ತರ ಕೊಡುತ್ತದೆ. ಇದಕ್ಕೇ ಚುರುಕು ರ‍್ಯಾಕು ಎನ್ನುವುದು. ಮಗ್ಗಕ್ಕೂ ಇದಕ್ಕೂ ಒಂದು ಭೇದ ಮಾತ್ರ ಉಂಟು: ಇಲ್ಲಿ ಗಾಲಿಯನ್ನಷ್ಟೇ ಬದಲಿಸಲಾಗದು. ಹಲ್ಲಿನ ಓರೆ, ಅಂತರ ಎಲ್ಲವೂ ಜೋಡಿಯಾಗಿ ಕೊರೆದದ್ದು. ಆದ್ದರಿಂದ ಇಡೀ ರ‍್ಯಾಕನ್ನೇ ಬದಲಿಸಬೇಕು.

ಜರ್ಮನಿಯ ಬಿ.ಎಮ್.ಡಬ್ಲ್ಯು. ಕಂಪನಿ 1982ರಿಂದ ಮಾಡಿದ ಇ-30 ಎಂಬ ಕಾರಿನ ವಿಷಯ ಪ್ರಸಿದ್ಧವಾಗಿದೆ. ಅದರ ಚಕ್ರ ಕೊನೆಯಿಂದ ಕೊನೆಗೆ ಸುಮಾರು 4 ಸುತ್ತು. ಅದರ ಮುಂದಿನ ತಲೆಮಾರಾದ ಇ-36ರಲ್ಲಿ ಸುಮಾರು 3. ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಪಂದ್ಯದ ಹುಚ್ಚಿನವರು ಹಳೆಯ ಕಾರಿಗೆ ಹೊಸದರ ರ‍್ಯಾಕು ಕೂಡಿಸುತ್ತಾರೆ. ಕೂಡಿಸುವಾಗ ಬೋಲ್ಟಿನ ಕೆಳಗೆ ಬಿಲ್ಲೆ ಇಡಬೇಕಾಗುತ್ತದೆ, ಸ್ಟಿಯರಿಂಗ್ ದಂಡದ ಕೆಳಗಿನ ಕೀಲನ್ನು ಹೊಂದಿಸಬೇಕಾಗುತ್ತದೆ. ಒಂದೇ ಕಂಪನಿಯ ಅಣ್ಣತಮ್ಮಂದಿರಲ್ಲಿಯೇ ಇಷ್ಟು ಗಂಟು. ಬೇರೆ ಬೇರೆ ಮನೆತನದ ಸಾಮಾನಾದರೆ ಕೇಳುವುದೇ ಬೇಡ.

ಇನ್ನು ಭಾರದ ಮಾತು. ದಪ್ಪ ದಿಮ್ಮಿಗೆ ಹಗ್ಗ ಸುತ್ತಿ ಬಾವಿಯಿಂದ ಕೊಡ ಎತ್ತಿದರೆ ಕೊಡ ಬೇಗ ಮೇಲೆ ಬರುತ್ತದೆ, ಆದರೆ ತೋಳು ಬೇಗ ಸೋಲುತ್ತದೆ. ಪಿನಿಯನ್ನಿನದೂ ಅದೇ ಗತಿ. 6 ಹಲ್ಲಿನಿಂದ 8ಕ್ಕೆ ಹೋದರೆ ಚಕ್ರ ಮೂರರಲ್ಲೊಂದು ಪಾಲು ಹೆಚ್ಚು ಭಾರ. ಆ ಭಾರವನ್ನು ಹೊರಲಿಕ್ಕೆಂದೇ ಪವರ್ ಸ್ಟಿಯರಿಂಗು. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಇಂಜಿನಿಯರು 1926ರಲ್ಲಿಯೇ ಪಿಯರ್ಸ್-ಆರೋ ಕಾರಿನಲ್ಲಿ ಅದನ್ನು ಮಾಡಿ ತೋರಿಸಿದ್ದರೂ, ಮಾರುವ ಕಾರಿಗೆ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಎಂಬುದರಲ್ಲಿ. ಇಪ್ಪತ್ತೈದು ವರ್ಷ! ಚಾಲಕನ ತೋಳಿನ ನೋವು ಕಂಪನಿಯ ಜಮಾಖರ್ಚಿನಲ್ಲಿ ಬರುವುದಿಲ್ಲವಷ್ಟೆ.

ಇದರ ಕೆಲಸ ಹೀಗೆ. ಇಂಜಿನಿನ ಪಟ್ಟಿಯಿಂದ ಒಂದು ಪಂಪು ತಿರುಗಿ ಎಣ್ಣೆಯನ್ನು ಒತ್ತುತ್ತದೆ. ಚಕ್ರದ ದಂಡಕ್ಕೂ ಪಿನಿಯನ್ನಿಗೂ ನಡುವೆ ಒಂದು ತೆಳು ಉಕ್ಕಿನ ಕಡ್ಡಿಯಿದೆ. ಚಾಲಕನು ಚಕ್ರ ಎಳೆದಾಗ ಕಡ್ಡಿ ಕೊಂಚ ಹುರಿಗೊಳ್ಳುತ್ತದೆ. ಹುರಿಗೊಂಡಷ್ಟು ಕವಾಟ ತೆರೆದು ಎಣ್ಣೆಯನ್ನು ಸರಳಿನ ಮೇಲಿರುವ ಪಿಸ್ಟನ್ನಿನ ಒಂದು ಮಗ್ಗುಲಿಗೆ ಬಿಡುತ್ತದೆ. ಕಡ್ಡಿ ದಪ್ಪವಾದರೆ ಸಹಾಯ ಕಡಿಮೆ, ಚಕ್ರ ಬಿಗಿ. ತೆಳುವಾದರೆ ಬೆಣ್ಣೆಯಂತೆ ಹಗುರ, ಆದರೆ ರಸ್ತೆ ಏನು ಹೇಳುತ್ತಿದೆಯೆಂಬುದು ಕೈಗೆ ತಿಳಿಯದು. ಈಗಿನ ಹೊಸ ಕಾರುಗಳಲ್ಲಿ ಬಹುಮಟ್ಟಿಗೆ ಪಂಪೂ ಇಲ್ಲ, ಎಣ್ಣೆಯೂ ಇಲ್ಲ, ವಿದ್ಯುತ್ ಮೋಟರು. 1988ರಲ್ಲಿ ಸುಝುಕಿಯವರ ಸೆರ್ವೋ ಕಾರಿನಿಂದ ಅದು ಶುರುವಾಯಿತು. ಅದಕ್ಕೆ ಕೈ ಹಾಕುವುದೆಂದರೆ ಕಾರಿನ ಕಂಪ್ಯೂಟರಿಗೂ ಕೈ ಹಾಕಿದಂತೆ. ಅದು ಇಂದಿನ ವಿಷಯವಲ್ಲ.

ಈಗ ಆ ಹುಡುಗನ ಸಂಗತಿ. ನಾವು ಕೆಲಸ ಮಾಡುತ್ತಿದ್ದ ಒಂದು ಗ್ಯಾರೇಜಿಗೆ ಗಿರಾಕಿಯೊಬ್ಬರು ಹಳೆಯ ಕಾರು ತಂದು, ಚಕ್ರ ಚುರುಕಾಗಬೇಕು, ಪಂದ್ಯದ ಕಾರಿನಂತೆ ತಿರುಗಬೇಕು ಎಂದರು. ಶೇಠರು ಭಂಗಾರ ಬಾಜಾರಿನಿಂದ ಬೇರೆ ಕಾರಿನ ರ‍್ಯಾಕು ತರಿಸಿದರು. (ಮುಂಬಯಿಯ ಭಂಗಾರವು ನಮ್ಮೂರಿನ ಬಂಗಾರವಲ್ಲವೆಂದು ಹೊಸದಾಗಿ ಬಂದವರಿಗೆ ತಿಳಿಸಬೇಕು.) ರ‍್ಯಾಕು ಕೂತಿತು, ಸೋರಲಿಲ್ಲ, ನಿಧಾನವಾಗಿ ತಿರುಗಿಸಿದಾಗ ಹೂವಿನಂತೆ ಹಗುರವಾಗಿತ್ತು. ಅಂಗಳದಲ್ಲಿ ಓಡಿಸಿ ನೋಡೆಂದು ಹುಡುಗನನ್ನು ಕೂರಿಸಿದರು. ಅವನು ಮೊದಲ ತಿರುವಿನಲ್ಲಿ ಚಕ್ರವನ್ನು ಸರಕ್ಕನೆ ಎಳೆದನು. ಅರ್ಧದಲ್ಲಿ ಚಕ್ರ ಕಲ್ಲಾಯಿತು. ಕಾರು ಗೋಡೆಗೆ ಒರಸಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಬಾಗಿಲ ತಗಡಿನ ಖರ್ಚೆಂದು ಹುಡುಗನ ಪಗಾರದಿಂದ ಹದಿನೈದು ದಿನದ ದುಡ್ಡು ಮುರಿದರು. "ಕೈಯಲ್ಲಿ ಬಲವಿಲ್ಲದವನು ಚಕ್ರ ಯಾಕೆ ಹಿಡಿದೆ?" ಎಂದು ಮೇಲಿಂದ ಮಾತು ಬೇರೆ.

ಆ ರಾತ್ರಿ ನಾವು ನಾಲ್ವರು ಕೂತು ಲೆಕ್ಕ ಹಾಕಿದೆವು. ಪಿಸ್ಟನ್ನಿನ ಮುಖ ಸುಮಾರು 8 ಚದರ ಸೆಂಟಿಮೀಟರು ಎಂದು ಹಿಡಿಯಿರಿ. ಸುತ್ತಿಗೆ 36 ಮಿಲಿಮೀಟರು ಸರಿಯುವ ರ‍್ಯಾಕಿಗೆ ಒಂದು ಸುತ್ತಿಗೆ ಸುಮಾರು 29 ಸಿ.ಸಿ. ಎಣ್ಣೆ ಬೇಕು. 48 ಸರಿಯುವುದಕ್ಕೆ 38 ಸಿ.ಸಿ. ಗಾಬರಿಯಲ್ಲಿ ಮನುಷ್ಯ ಸೆಕೆಂಡಿಗೆ ಒಂದೂವರೆ ಸುತ್ತಿನ ವೇಗದಲ್ಲಿ ಎಳೆದರೆ, ಮೊದಲನೆಯದಕ್ಕೆ ನಿಮಿಷಕ್ಕೆ 2.6 ಲೀಟರು, ಎರಡನೆಯದಕ್ಕೆ ಸುಮಾರು 3.5 ಲೀಟರು. ಇಂಜಿನು ಮೆಲ್ಲಗೆ ತಿರುಗುವಾಗ ಪಂಪೂ ಮೆಲ್ಲಗೆ, ಕೊಡುವ ಎಣ್ಣೆಯೂ ಕಡಿಮೆ. ಕೈಯ ವೇಗಕ್ಕೆ ಎಣ್ಣೆ ಸಾಲದಾದ ಕ್ಷಣದಲ್ಲಿ ಸಹಾಯ ತಪ್ಪಿ, ಇಡೀ ಭಾರ ಚಾಲಕನ ಕೈಗೆ ಬೀಳುತ್ತದೆ. ಅದೂ ಮೊದಲಿಗಿಂತ ಹೆಚ್ಚಿನ ಭಾರ. ರ‍್ಯಾಕು ಬದಲಿಸಿ ಹಳೆಯ ಸಣ್ಣ ಪಂಪನ್ನೇ ಬಿಟ್ಟದ್ದು ತಪ್ಪು. ಅದನ್ನು ಗೊತ್ತುಮಾಡಬೇಕಾದವರು ಕೆಲಸ ಒಪ್ಪಿಕೊಂಡವರು, ಅಂಗಳದಲ್ಲಿ ಕೂತ ಹುಡುಗನಲ್ಲ.

ಮರುದಿನ ಈ ಲೆಕ್ಕವನ್ನು ಒಂದು ಕಾಗದದಲ್ಲಿ ಬರೆದು ಶೇಠರ ಮೇಜಿನ ಮೇಲಿಟ್ಟೆವು. ಅವರು ಓದಿದರು, ಮಾತಾಡಲಿಲ್ಲ. ದೊಡ್ಡ ಪಂಪು ತರಿಸಿದರು. ಆಮೇಲೆ ಎಷ್ಟು ಸರಕ್ಕನೆ ಎಳೆದರೂ ಚಕ್ರ ಕಲ್ಲಾಗಲಿಲ್ಲ. ತಿಂಗಳ ಕೊನೆಗೆ ಹುಡುಗನಿಗೆ ಎಂಟು ದಿನದ ದುಡ್ಡು ಮರಳಿತು. ಉಳಿದ ಏಳು ದಿನದ್ದು ಇಂದಿಗೂ ಬಂದಿಲ್ಲ.

ಗ್ಯಾರೇಜಿನ ತಮ್ಮಂದಿರು ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ರ‍್ಯಾಕಿನ ಎತ್ತರ ಕೊಂಚ ತಪ್ಪಿದರೂ ಟೈರಾಡಿನ ಕೀಲು ಕೆಳಗಿನ ಆರ್ಮಿನ ಕೀಲಿನ ಸಾಲಿಗೆ ಬರುವುದಿಲ್ಲ. ಆಗ ಗುಂಡಿಗೆ ಗಾಲಿ ಇಳಿದಾಗಲೆಲ್ಲ ಚಕ್ರ ಮುಟ್ಟದಿದ್ದರೂ ಕಾರು ತಾನಾಗಿ ಓರೆ ಹೋಗುತ್ತದೆ. ಮುಂಬಯಿಯ ಮಳೆಗಾಲದ ರಸ್ತೆಯಲ್ಲಿ ಇದರ ಅರ್ಥವೇನೆಂದು ಹೇಳಬೇಕಾಗಿಲ್ಲ. ಎರಡನೆಯದು, ಗಾಳಿಚೀಲವಿರುವ ಕಾರಿನಲ್ಲಿ ಚಕ್ರದ ಕೆಳಗೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿದ ತಂತಿಪಟ್ಟಿ ಇರುತ್ತದೆ. ದಂಡ ಬಿಚ್ಚುವ ಮೊದಲು ಗಾಲಿಗಳನ್ನು ನೇರ ಮಾಡಿ ಚಕ್ರವನ್ನು ಕಟ್ಟಿಹಾಕಬೇಕು. ಇಲ್ಲವಾದರೆ ಚಕ್ರ ಸುಮ್ಮನೆ ತಿರುಗಿ ಪಟ್ಟಿ ಹರಿಯುತ್ತದೆ, ಅಪಘಾತದ ದಿನ ಚೀಲ ತೆರೆಯದಿರಬಹುದು. ಹೊಸ ಎಣ್ಣೆ ಹಾಕಿದ ಮೇಲೆ ಮುಂಭಾಗವನ್ನು ಎತ್ತಿ, ಇಂಜಿನು ಹಚ್ಚದೆ ಕೊನೆಯಿಂದ ಕೊನೆಗೆ ಹಲವು ಸಲ ತಿರುಗಿಸಿ ಗಾಳಿ ಹೊರಡಿಸಬೇಕು. ಇದರಲ್ಲಿ ಅವಸರ ಮಾಡಿದವರ ಪಂಪು ನರಳುತ್ತದೆ.

ಕಾನೂನಿನ ಮಾತು ಒಂದಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಪಂದ್ಯದ ಮೈದಾನಕ್ಕೆ ಮಾತ್ರ ಹೋಗುವ ಕಾರಿನ ಮಾತು ಬೇರೆ. ಬೀದಿಯ ಕಾರಿಗೆ ಇಂಥ ಕೆಲಸ ಬಂದರೆ, ಕೈ ಹಚ್ಚುವ ಮೊದಲು ಗಿರಾಕಿ ಏನು ಹೇಳಿದರು, ಶೇಠರು ಏನು ಹೇಳಿದರು, ಎರಡನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ನಿಜ ಹೇಳಬೇಕೆಂದರೆ, ಚಕ್ರ ಸಡಿಲ, ಕಾರು ಮಂದ ಎಂದು ಬರುವ ಹೆಚ್ಚಿನವರಿಗೆ ಹೊಸ ರ‍್ಯಾಕು ಬೇಡವೇ ಬೇಡ. ಟೈರಿನ ಗಾಳಿ ನೋಡಿರಿ. ಒಬ್ಬರು ಚಕ್ರವನ್ನು ಅತ್ತಿತ್ತ ಅಲುಗಿಸುತ್ತಿರಲಿ, ಇನ್ನೊಬ್ಬರು ಕೆಳಗೆ ಮಲಗಿ ಟೈರಾಡಿನ ತುದಿಯ ಮೇಲೂ ರ‍್ಯಾಕನ್ನು ಹಿಡಿದ ರಬ್ಬರಿನ ಮೇಲೂ ಕೈ ಇಟ್ಟು ನೋಡಿರಿ. ಸಡಿಲವಿದ್ದರೆ ಬೆರಳಿಗೇ ಗೊತ್ತಾಗುತ್ತದೆ. ರಬ್ಬರು ಸತ್ತಿದ್ದರೆ ಚಾಲಕನು ತಿರುಗಿಸಿದ್ದರಲ್ಲಿ ಒಂದು ಪಾಲನ್ನು ಅದೇ ನುಂಗುತ್ತದೆ. ಅದನ್ನು ಬದಲಿಸಿ, ಅಲೈನ್‌ಮೆಂಟು ಮಾಡಿಸಿ ಕೊಟ್ಟರೆ ಎಷ್ಟೋ ಗಿರಾಕಿಗಳು ರ‍್ಯಾಕಿನ ಮಾತನ್ನೇ ಮರೆಯುತ್ತಾರೆ. ಶೇಠರಿಗೆ ಲಾಭ ಕಡಿಮೆ ಎಂಬುದೊಂದೇ ಕೊರತೆ.

ಮೇಜಿನ ಮೇಲಿನ ರ‍್ಯಾಕು ಆ ಕಾರಿನಿಂದ ಬಿಚ್ಚಿದ ಹಳೆಯದೇ. ಕೊಳವೆಯನ್ನು ಗರಗಸದಿಂದ ಸೀಳಿ ಒಳಗು ಕಾಣುವಂತೆ ಮಾಡಿದ್ದೇವೆ. ಆ ಹುಡುಗನೂ ಇಲ್ಲೇ ಹಿಂದಿನ ಸಾಲಿನಲ್ಲಿದ್ದಾನೆ. ಚಹಾ ಆದ ಮೇಲೆ ಬಿಚ್ಚಿ ಜೋಡಿಸಿ ತೋರಿಸುತ್ತಾನೆ. ಎಣ್ಣೆ ಇನ್ನೂ ಸ್ವಲ್ಪ ಒಸರುತ್ತಿದೆ, ಬಿಳಿ ಅಂಗಿಯವರು ತುಸು ದೂರ ನಿಂತು ನೋಡಬೇಕು.