ಬದುವಿನ ಮೇಲಿನ ಗಬ್ಬು ಶಾವಂತಿ



ಹೊನ್ನಾಳಿ ಸೀಮೆಯಲ್ಲಿ ಭದ್ರಾ ನಾಲೆಯ ಏರಿ, ಮೆಕ್ಕೆಜೋಳದ ಹೊಲದ ಬದು, ರಸ್ತೆಯ ಅಂಚು, ಎಲ್ಲಿ ಬಿಸಿಲು ಬೀಳುತ್ತದೆಯೋ ಅಲ್ಲೆಲ್ಲ ನೆಲಕ್ಕೆ ಒರಗಿ ಬೆಳೆಯುವ ಒಂದು ಗಿಡವಿದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಟ್ರೈಡಾಕ್ಸ್ ಪ್ರೊಕಂಬೆನ್ಸ್. ಕನ್ನಡ ಪುಸ್ತಕಗಳಲ್ಲಿ ಗಬ್ಬು ಸಣ್ಣ ಶಾವಂತಿ ಎಂದಿದೆ. ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದೇ. ಇದು ನಮ್ಮ ನಾಡಿನದಲ್ಲ; ಮೂಲ ಅಮೆರಿಕದ ಉಷ್ಣವಲಯ.

ಕಾಂಡದ ಮೇಲೆಲ್ಲ ಒರಟು ರೋಮ. ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಇದ್ದು, ಅಂಚು ಗರಗಸದ ಹಲ್ಲಿನಂತಿರುತ್ತದೆ. ಗೇಣುದ್ದದ ತೊಟ್ಟಿನ ತುದಿಯಲ್ಲಿ ಒಂದೇ ಒಂದು ಹೂ. ನಾವು ಒಂದು ಹೂ ಎನ್ನುವುದು ನಿಜವಾಗಿ ಹಲವು ಕಿರುಹೂಗಳ ಗುಂಪು: ನಡುವೆ ಹಳದಿ ಕಿರುಹೂಗಳು, ಸುತ್ತ ಸಾಮಾನ್ಯವಾಗಿ ಐದು ತಿಳಿಬಿಳುಪಿನ ದಳಗಳು. ದಳದ ತುದಿ ಮೂರಾಗಿ ಸೀಳಿರುವುದೇ ಗುರುತು. ಬೀಜಕ್ಕೆ ಗರಿಯಂತಹ ಕುಚ್ಚಿದ್ದು, ಗಾಳಿಯಲ್ಲಿ ತೇಲಿ ಪಕ್ಕದ ಹೊಲ ಸೇರುತ್ತದೆ.

ಇದನ್ನು ಗರುಗವೆಂದು ಕಿತ್ತು ತರುವವರಿದ್ದಾರೆ. ಗರುಗ ಬೆಳೆಯುವುದು ತೇವವಿರುವ ಗದ್ದೆಯಂಚಿನಲ್ಲಿ. ಅದರ ಎಲೆ ಕಿರಿದು, ಹೂ ಪೂರ್ತಿ ಬಿಳಿ, ಬೀಜಕ್ಕೆ ಕುಚ್ಚಿಲ್ಲ, ಹಿಸುಕಿದ ಸೊಪ್ಪು ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ. ಕಾಮಾಲೆಗೆಂದು ಒಂದರ ಬದಲು ಇನ್ನೊಂದನ್ನು ಅರೆದು ಕುಡಿಸಬಾರದು. ಕಾಮಾಲೆಗೆ ವೈದ್ಯರನ್ನೇ ಕಾಣಬೇಕು. ಕುಡುಗೋಲು ತಗುಲಿದ ಗಾಯಕ್ಕೆ ಶಾವಂತಿಯ ರಸ ಹಿಂಡುವುದು ಹಳೆಯ ರೂಢಿ. ರಕ್ತ ನಿಂತರೂ ಧನುರ್ವಾಯುವಿನ ಭಯ ತಪ್ಪದು. ಗಾಯವನ್ನು ಶುದ್ಧ ನೀರು, ಸಾಬೂನಿನಲ್ಲಿ ತೊಳೆದು ಚುಚ್ಚುಮದ್ದು ಹಾಕಿಸಿ.

ಪಾರ್ಥೇನಿಯಂ ಬೀಜ ಕಟ್ಟಿ ಸಾಯುತ್ತದೆ, ಇದು ಹಾಗಲ್ಲ. ಬಹುವಾರ್ಷಿಕ. ತಾಯಿಬೇರಿನಿಂದ ಮತ್ತೆ ಚಿಗುರುತ್ತದೆ, ಕಾಂಡದ ಗೆಣ್ಣುಗಳೂ ಬೇರೂರುತ್ತವೆ. ಆದ್ದರಿಂದ ಮಳೆ ಹಿಡಿದ ದಿನ ಎಡೆಕುಂಟೆ ಹೊಡೆದು, ತುಂಡುಗಳನ್ನು ಹಸಿ ಮಣ್ಣಿನಲ್ಲೇ ಬಿಟ್ಟರೆ ಕಳೆ ನೆಟ್ಟಂತೆಯೇ ಸರಿ. ಹೊರಪಿರುವ ದಿನ ನೋಡಿ ಬೇರುಸಹಿತ ಕೀಳಿ, ಬಿಸಿಲಿಗೆ ಒಣಗಿಸಿ. ಹೂವಾಡುವ ಮೊದಲೇ ಕಿತ್ತರೆ ಗೊಬ್ಬರದ ಗುಂಡಿಗೂ ಹಾಕಬಹುದು. ಬೀಜ ಮೊಳೆಯಲು ಬೆಳಕು ಬೇಕು. ಮೆಕ್ಕೆಜೋಳ ನೆಲಕ್ಕೆ ನೆರಳು ಕಟ್ಟುವವರೆಗೆ, ಅಂದರೆ ಮೊದಲ ಐದಾರು ವಾರ, ಹೊಲ ಶುಚಿಯಾಗಿರಲಿ.

ಇಳಿಜಾರಿನ ಬದುವಿನ ಮಾತು ಬೇರೆ. ಅಲ್ಲಿ ಈ ಗಿಡ ಮಣ್ಣು ಹಿಡಿದಿಡುತ್ತದೆ, ಹೂವಿಗೆ ಜೇನು, ಚಿಟ್ಟೆ ಬರುತ್ತವೆ. ಅಲ್ಲಿಗೂ ಕಳೆನಾಶಕ ಹೊಡೆದು ಬದು ಬೋಳು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಬೀಜ ಹಾರುವ ಮುನ್ನ ಕುಡುಗೋಲಿನಿಂದ ಹೂ ಸವರಿದರೆ ಸಾಕು.