ನಮ್ಮ ಶಾಲೆಯ ಮುಂದಿನ ರಸ್ತೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಎಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಏನೋ ಹೇಳುತ್ತಾನೆ ಎಂದು ಕೂತಿದ್ದೀರಿ. ನಾನು ಹೇಳಬೇಕೆಂದಿರುವುದು ಈ ಗೇಟಿನ ಮುಂದಿನ ರಸ್ತೆಯ ವಿಚಾರ. ನಾವು ಓದುವಾಗ ಅದು ಗುಂಡಿಗಳ ರಸ್ತೆ. ಈಗ ಒಳ್ಳೆಯ ಡಾಂಬರು ಬಿದ್ದಿದೆ, ಸಂತೋಷ. ಆದರೆ ಗುಂಡಿ ನೋಡಿ ನಿಧಾನ ಮಾಡುತ್ತಿದ್ದ ಬೈಕು, ಟೆಂಪೊಗಳು ಈಗ ಹಾರಿಕೊಂಡು ಹೋಗುತ್ತಿವೆ. ಇದರ ಜೊತೆಗೆ ರಸ್ತೆ ಅಗಲ ಮಾಡುವ ಮಾತೂ ಬಂದಿದೆ.

ಒಂಬತ್ತನೇ ತರಗತಿಯ ಮಕ್ಕಳಿಗೆ 'ಚಲನೆ' ಪಾಠ ಆಗಿದೆಯಲ್ಲ? ಲೆಕ್ಕ ಹಾಕಿ ನೋಡಿ. 30 ಕಿ.ಮೀ. ವೇಗದಲ್ಲಿ ಬರುವ ಗಾಡಿಯ ಮುಂದೆ ಮಗು ಅಡ್ಡ ಬಂತು. ಚಾಲಕನಿಗೆ ಹೊಳೆದು ಬ್ರೇಕ್ ಒತ್ತಲು ಒಂದು ಸೆಕೆಂಡು ಬೇಕು ಎಂದರೂ, ಒಣ ರಸ್ತೆಯಲ್ಲಿ ಗಾಡಿ ಸುಮಾರು 13-14 ಮೀಟರಿನೊಳಗೆ ನಿಲ್ಲುತ್ತದೆ. 60 ಕಿ.ಮೀ. ವೇಗವಿದ್ದರೆ 36 ಮೀಟರು ಬೇಕು. ಅಂದರೆ ನಿಧಾನದ ಗಾಡಿ ನಿಂತೇ ಹೋದ ಜಾಗದಲ್ಲಿ ವೇಗದ ಗಾಡಿಗೆ ಇನ್ನೂ ಬ್ರೇಕೇ ಹತ್ತಿರುವುದಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ಸುಮ್ಮನೆ ನಡೆದು ಹೋಗುತ್ತಿದ್ದವರು.

ಕಳೆದ ಮೂರು ಶನಿವಾರ ನಮ್ಮ ಪಿ.ಟಿ. ಮೇಷ್ಟ್ರ ಜೊತೆ ಒಂಬತ್ತನೇ ತರಗತಿಯ ಮಕ್ಕಳು ರಸ್ತೆಯ ನಕ್ಷೆ ಬರೆದರು. ಅಪಾಯ ಎಲ್ಲಿದೆ ಎಂದು ದೊಡ್ಡವರನ್ನು ಕೇಳಿದರೆ ಎಲ್ಲರೂ ಗೇಟಿನ ಕಡೆ ಕೈ ತೋರಿಸಿದರು. ಮಕ್ಕಳು ತೋರಿಸಿದ್ದು ಬಸ್ ಸ್ಟಾಪನ್ನು. ಬಸ್ಸಿಳಿದು ಅದರ ಮುಂದಿನಿಂದಲೇ ದಾಟುತ್ತಾರೆ. ಹಿಂದಿನಿಂದ ಬಸ್ಸನ್ನು ದಾಟಿಕೊಂಡು ಬರುವ ಬೈಕಿಗೆ ಮಗು ಕಾಣುವುದಿಲ್ಲ, ಮಗುವಿಗೆ ಬೈಕು ಕಾಣುವುದಿಲ್ಲ. ಚರಂಡಿಯ ಚಪ್ಪಡಿ ಕಿತ್ತುಹೋದ ಕಡೆ ರಸ್ತೆಗೇ ಇಳಿದು ನಡೆಯಬೇಕು ಎಂದು ಹೆಣ್ಣುಮಕ್ಕಳು ಗುರುತು ಹಾಕಿದರು. ಡೈರಿಗೆ ಹಾಲು ಹಾಕುವ ಅಮ್ಮಂದಿರು, ಬೆಳಗಿನ ಮಂಜಿನಲ್ಲಿ ಕಬ್ಬಿನ ಟ್ರೇಲರಿಗೆ ಹಿಂದೆ ದೀಪವಿಲ್ಲದಿರುವುದನ್ನು ಹೇಳಿದರು. ಇದ್ಯಾವುದೂ ಕಚೇರಿಯಲ್ಲಿ ಕೂತು ಎಸ್ಟಿಮೇಟ್ ಮಾಡುವವರಿಗೆ ಗೊತ್ತಾಗುವ ಸಂಗತಿಯಲ್ಲ. ಅವರ ತಪ್ಪೂ ಅಲ್ಲ. ಅವರು ಈ ರಸ್ತೆ ದಾಟಿ ಶಾಲೆಗೆ ಬಂದವರಲ್ಲ.

ಹಂಪ್ ಹಾಕಿದರೆ ಮುಗಿಯಿತಲ್ಲ ಎಂದು ಕೆಲವರು ಕೇಳುತ್ತೀರಿ. ನಮ್ಮಲ್ಲಿ ಹಂಪ್ ಬರುವುದೇ ಒಂದು ಜೀವ ಹೋಗಿ, ಜನ ರಸ್ತೆಗೆ ಕಲ್ಲು ಅಡ್ಡ ಇಟ್ಟ ಮೇಲೆ. ರಾತ್ರೋರಾತ್ರಿ ಸುರಿದ ಗುಡ್ಡೆಯನ್ನು ಹಂಪ್ ಎನ್ನಲಾಗದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯಂತೆ ಅದು 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ ಇರಬೇಕು, 25 ಕಿ.ಮೀ. ವೇಗದಲ್ಲಿ ದಾಟಲು ಮಾಡಿದ್ದು. ಮುಂಚಿತವಾಗಿ ಫಲಕ ಬೇಕು, ಮೇಲೆ ಬಣ್ಣ ಬೇಕು. ಇಲ್ಲದಿದ್ದರೆ ಹಿಂದೆ ಕೂತ ಬಸುರಿ ಹೆಂಗಸೋ ವಯಸ್ಸಾದವರೋ ಬೀಳುತ್ತಾರೆ.

ಇನ್ನು ಈ ರಸ್ತೆ ಯಾರದು? ಪಂಚಾಯಿತಿಯದಲ್ಲ, ಜಿಲ್ಲಾ ಮುಖ್ಯ ರಸ್ತೆ, ಲೋಕೋಪಯೋಗಿ ಇಲಾಖೆಯದು. ಹಾಗೆಂದು ಪಂಚಾಯಿತಿ ಕೈ ಕಟ್ಟಿ ಕೂರಬೇಕಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಕಾನೂನೇ ಇದೆ. ಮಕ್ಕಳ ಗ್ರಾಮಸಭೆಯೂ ಇದೆ. ಅದು ಫೋಟೊ ತೆಗೆಸಿಕೊಂಡು ಬಿಸ್ಕತ್ತು ಹಂಚುವ ಕಾರ್ಯಕ್ರಮ ಆಗಬೇಕಿಲ್ಲ. ಅಗಲೀಕರಣದ ನಕ್ಷೆ ಅಂತಿಮವಾಗುವ ಮುಂಚೆ ಗ್ರಾಮಸಭೆಯ ನಿರ್ಣಯ, ಅದರ ಜೊತೆ ಮಕ್ಕಳ ನಕ್ಷೆ ಇಲಾಖೆಗೆ ಹೋದರೆ ಅದಕ್ಕೊಂದು ಫೈಲು, ಒಂದು ಉತ್ತರ ಇರುತ್ತದೆ. ಡಾಂಬರು ಬಿದ್ದ ಮೇಲೆ ಕೂಗಾಡಿದರೆ ಹಂಪಿನ ಗುಡ್ಡೆಯೇ ಗತಿ.

ನೆದರ್‌ಲ್ಯಾಂಡ್ಸ್ ಈಗ ಸೈಕಲ್ಲುಗಳ ದೇಶ. ಅಲ್ಲಿ 1971ರಲ್ಲಿ ರಸ್ತೆಯಲ್ಲಿ ಸತ್ತ ಮಕ್ಕಳೇ 400ಕ್ಕೂ ಹೆಚ್ಚು. ಅಪ್ಪ-ಅಮ್ಮಂದಿರು, ಮಕ್ಕಳು ಬೀದಿಗಿಳಿದು ಕೂತರು. ಮನೆಗಳಿರುವ ಬೀದಿಯಲ್ಲಿ ಗಾಡಿಗಿಂತ ನಡೆಯುವವರಿಗೆ ಮೊದಲ ಹಕ್ಕು ಎಂಬ ನಿಯಮ 1976ರಲ್ಲಿ ಬಂತು.

ನಮ್ಮೂರಲ್ಲಿ ಜಗಳ ಆಗುವುದು ಬಸ್ ಸ್ಟಾಪ್ ವಿಚಾರಕ್ಕೆ, ಅದು ನನಗೆ ಗೊತ್ತು. ಅದನ್ನು ತಿರುವಿನಿಂದ ಆಚೆ ಸರಿಸಬೇಕು ಎಂಬುದು ಮಕ್ಕಳ ಬೇಡಿಕೆ. ಸರಿಸಿದರೆ ನಮ್ಮ ವ್ಯಾಪಾರ ಏನಾಗಬೇಕು ಎಂದು ಹೋಟೆಲಿನವರೂ ಹೂವಿನ ಅಕ್ಕನೂ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಅವರಿಗೆ ಹೊಸ ಸ್ಟಾಪಿನ ಹತ್ತಿರ ಜಾಗ ಕೊಡುವುದೂ ಅದೇ ನಿರ್ಣಯದಲ್ಲಿ ಸೇರಲಿ ಎಂಬುದು ನನ್ನ ಅಭಿಪ್ರಾಯ. ಬೇರೆ ದಾರಿ ತಿಳಿದವರು ಸಭೆಯಲ್ಲಿ ಎದ್ದು ನಿಂತು ಹೇಳಲಿ. ಹಿಂದೆ ಜಗುಲಿಯಲ್ಲಿ ಕೂತು ಹೇಳಿದ್ದು ದಾಖಲಾಗುವುದಿಲ್ಲ.

ನಕ್ಷೆಯನ್ನು ವಿಜ್ಞಾನ ಕೊಠಡಿಯ ಗೋಡೆಗೆ ಅಂಟಿಸಿದ್ದೇವೆ. ಪಕ್ಕದಲ್ಲಿ ಕೆಂಪು ಬಿಂದಿ ಇಟ್ಟಿದ್ದೇವೆ. ಊಟ ಮುಗಿಸಿ ಹೋಗುವ ಮುಂಚೆ, ನೀವು ಬಿದ್ದ ಜಾಗ, ಬೀಳುವುದರಲ್ಲಿ ತಪ್ಪಿಸಿಕೊಂಡ ಜಾಗ ಎಲ್ಲಿದೆಯೋ ಅಲ್ಲಿ ಒಂದೊಂದು ಅಂಟಿಸಿ. ಟ್ರ್ಯಾಕ್ಟರ್ ಇರುವವರು ಬಾಗಿಲ ಹತ್ತಿರ ಇರುವ ಹುಡುಗರಿಂದ ಟ್ರೇಲರಿಗೆ ಹಚ್ಚುವ ಹೊಳೆಯುವ ಪಟ್ಟಿ ಇಸಿದುಕೊಂಡು ಹೋಗಿ. ನಮ್ಮ ಬ್ಯಾಚಿನವರು ತಂದಿದ್ದೇವೆ, ದುಡ್ಡು ಬೇಡ.